ವಿಮಾನ ಹತ್ತುವವರಿಗೆ ನಾನು ಕೊಟ್ಟ ಸಲಹೆಗಳು

ನಮ್ಮ ಮನೆಯ ಮೇಲೆ ವಿಮಾನಗಳು ಹಾರುತ್ತವೆ. ವಿಮಾನ ಪ್ರಯಾಣದ ಬಗ್ಗೆ ಮಾತಾಡಲು ನನಗಿರುವ ಅರ್ಹತೆ ಹೆಚ್ಚುಕಡಿಮೆ ಇಷ್ಟೇ. ವಸಂತ್ ಕುಂಜ್‌ನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ನಿಂತರೆ ಅವುಗಳ ಹೊಟ್ಟೆ ಕಾಣುತ್ತದೆ, ಚಕ್ರ ಹೊರಗೆ ಚಾಚುವುದು ಕಾಣುತ್ತದೆ. ಫೋನಿನಲ್ಲಿ ಯಾರೊಡನೆಯಾದರೂ ಮಾತಾಡುತ್ತಿದ್ದರೆ ನಡುನಡುವೆ "ತಾಳಿ ತಾಳಿ, ವಿಮಾನ ಹೋಗ್ತಾ ಇದೆ" ಎನ್ನಬೇಕಾಗುತ್ತದೆ. ಈ ಮಾತನ್ನು ಕೇಳಿ ಕೇಳಿ ದೆಹಲಿಯ ನಮ್ಮ ಕನ್ನಡಿಗರಲ್ಲಿ ನಾನು ವಿಮಾನಗಳ ವಿಷಯ ಬಲ್ಲವನು ಎಂಬ ನಂಬಿಕೆ ಹೇಗೋ ಬೆಳೆದುಬಿಟ್ಟಿತು. ನಿಜ ಹೇಳಬೇಕೆಂದರೆ ಆಗ ನಾನು ವಿಮಾನ ಹತ್ತಿದ್ದು ಬೆರಳೆಣಿಕೆಯಷ್ಟು ಸಲ, ಅದೂ ನಾನು ಪಾಠ ಹೇಳುವ ವಿಶ್ವವಿದ್ಯಾಲಯದ ಖರ್ಚಿನಲ್ಲಿ. ಹತ್ತಿದಾಗಲೆಲ್ಲ ನಾನು ಹಿಡಿದುಕೊಂಡ ಬೆಲ್ಟಿನ ಎರಡು ತುದಿಗಳಲ್ಲಿ ಒಂದು ಪಕ್ಕದವರದ್ದಾಗಿರುತ್ತಿತ್ತು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆಯುವಷ್ಟರಲ್ಲಿ ಅಗ್ಗದ ವಿಮಾನಗಳು ಬಂದವು. ಅಲ್ಲಿಯವರೆಗೆ ಊರಿಗೆ ಹೋಗುವುದೆಂದರೆ ರೈಲಿನಲ್ಲಿ ಎರಡು ರಾತ್ರಿ ಸಂಸಾರ ಹೂಡುವುದು ಎಂದುಕೊಂಡಿದ್ದ ನಮ್ಮವರೆಲ್ಲ ಆಕಾಶದ ಕಡೆ ನೋಡತೊಡಗಿದರು. ನೋಡುವ ಮೊದಲು ನನಗೆ ಫೋನ್ ಮಾಡಿದರು. ಜನಕಪುರಿಯ ಒಬ್ಬರು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ಕೇಳಿದರು. ಇಟ್ಟುಕೊಳ್ಳಿ ಎಂದೆ. ವಾರದ ನಂತರ ಅವರೇ ಫೋನ್ ಮಾಡಿ, ಹತ್ತಿ ಇಟ್ಟುಕೊಂಡಿದ್ದರಿಂದ ಗೇಟು ಬದಲಾದದ್ದು ಕೇಳಿಸಲಿಲ್ಲ, ಇನ್ನೊಂದು ಚೂರಾದರೆ ಲಕ್ನೋಗೆ ಹೋಗಿಬಿಡುತ್ತಿದ್ದೆ ಎಂದರು. ಆಮೇಲೆ ಕೇಳಿದ ಇನ್ನೊಬ್ಬರಿಗೆ ಹತ್ತಿ ಬೇಡ ಎಂದೆ. ಅವರಿಗೆ ಕಿವಿ ಕಟ್ಟಿಕೊಂಡು, ಮಾವನ ಮನೆಯಲ್ಲಿ ಇದ್ದಷ್ಟು ದಿನವೂ ಯಾರು ಏನು ಹೇಳಿದರೂ ಕೇಳಿಸಲಿಲ್ಲವಂತೆ. ಅದನ್ನು ಅವರು ದೂರಿನ ಧಾಟಿಯಲ್ಲಿ ಹೇಳಿದರೋ ಉಪಕಾರ ಸ್ಮರಣೆಯ ಧಾಟಿಯಲ್ಲಿ ಹೇಳಿದರೋ ನನಗೆ ಇನ್ನೂ ಗೊತ್ತಾಗಿಲ್ಲ.

ಸೀಟಿನ ವಿಷಯದಲ್ಲಂತೂ ನನಗೆ ಒಂದು ಗಟ್ಟಿ ಅಭಿಪ್ರಾಯ ಎಂಬುದು ಯಾವತ್ತೂ ಇರಲಿಲ್ಲ. ಕಿಟಕಿಯ ಪಕ್ಕ ಕೂತರೆ ಮೋಡ ಕಾಣುತ್ತದೆ. ಸ್ವಲ್ಪ ಹೊತ್ತು ಮೋಡ ಚೆನ್ನ, ಆಮೇಲೆ ಅದು ಹಾಸಿಗೆ ಹೊಲಿಯುವವನ ಅಂಗಡಿಯ ಮುಂದೆ ಹಿಂಜಿ ಹಾಕಿದ ಹತ್ತಿಯೇ. ಬಾತ್‌ರೂಮಿಗೆ ಹೋಗಬೇಕೆಂದರೆ ಇಬ್ಬರನ್ನು ಎಬ್ಬಿಸಬೇಕು. ನಮ್ಮವರು ದಾಕ್ಷಿಣ್ಯದ ಜನ, ಎಬ್ಬಿಸಲಾರದೆ ಬೆಂಗಳೂರಿನವರೆಗೆ ಹಲ್ಲು ಕಚ್ಚಿಕೊಂಡು ಕೂರುತ್ತಾರೆ. ನಡುವೆ ಓಡಾಡುವ ದಾರಿಯ ಪಕ್ಕ ಕೂತರೆ ಊಟದ ಗಾಡಿ ಮೊಣಕೈಗೆ ಬಡಿಯುತ್ತದೆ. ಮಧ್ಯದ ಸೀಟಿನಲ್ಲಿ ಕೈ ಊರುವ ಜಾಗ ಯಾರದೆಂಬ ಪ್ರಶ್ನೆಯನ್ನು ಯಾವ ನ್ಯಾಯಾಲಯವೂ ಇನ್ನೂ ಬಗೆಹರಿಸಿಲ್ಲ. ಹೀಗೆ ಮೂರು ಸೀಟೂ ಕೂಡದು ಎಂದು ನಾನು ಸಾಧಿಸಿದ ಮೇಲೆ, ಆಫೀಸಿನ ಕೆಲಸಕ್ಕೆ ಹೊರಟಿದ್ದ ಒಬ್ಬ ಯುವಕ, "ಹಾಗಾದ್ರೆ ನಿಂತ್ಕೊಂಡೇ ಹೋಗ್ಲಾ ಸರ್?" ಎಂದು ಬಹಳ ವಿನಯದಿಂದ ಕೇಳಿದ.

ನಮ್ಮ ವಿಭಾಗದಲ್ಲಿ ಇತಿಹಾಸ ಕಲಿಸುವ ರಾಯಚೂರಿನ ಗೆಳೆಯರೊಬ್ಬರಿದ್ದರು. ಅವರ ಪ್ರಕಾರ ಪ್ರಯಾಣವೆಂದರೆ ಹಡಗಿನದು ಮಾತ್ರ. ಹಡಗು ನಿಧಾನ ಹೋಗುತ್ತದೆ, ಆದ್ದರಿಂದ ದೇಹವೂ ಮನಸ್ಸೂ ಒಟ್ಟಿಗೆ ಊರು ತಲುಪುತ್ತವೆ. ವಿಮಾನದಲ್ಲಾದರೆ ದೇಹ ಬೆಂಗಳೂರಿನಲ್ಲಿ ಇಳಿದಾಗ ಮನಸ್ಸು ಇನ್ನೂ ದೆಹಲಿ ನಿಲ್ದಾಣದ ಪಕ್ಕದ ಮಹಿಪಾಲಪುರದ ಟ್ರಾಫಿಕ್ಕಿನಲ್ಲಿರುತ್ತದೆ ಎಂಬುದು ಅವರ ವಾದ. ಸಮುದ್ರ ದಾಟಬಾರದೆಂದು ಹಿರಿಯರು ಹೇಳಿದ್ದರ ಅರ್ಥವೇನು, ಹಡಗಿನಲ್ಲಿ ವಾಂತಿ ಬಂದರೆ ನಿಂಬೆಹಣ್ಣು ಮೂಸಬೇಕೋ ಉಪ್ಪಿನಕಾಯಿ ನೆಕ್ಕಬೇಕೋ, ದಿಗಂತದ ಅಂಚನ್ನೇ ಏಕೆ ನೋಡುತ್ತಿರಬೇಕು, ಎಲ್ಲವನ್ನೂ ಅವರು ವಿವರಿಸುತ್ತಿದ್ದರು. ತೀರ ಬಲವಂತ ಮಾಡಿ ಕೇಳಿದಾಗ, ತಾವು ನೀರಿನ ಮೇಲೆ ಹೋದದ್ದು ಒಂದೇ ಸಲ, ಹೊಳೆ ದಾಟಲು ಹರಿಗೋಲಿನಲ್ಲಿ, ಆಗಲೂ ಕಣ್ಣು ಮುಚ್ಚಿಕೊಂಡೇ ಇದ್ದದ್ದು ಎಂದು ಒಪ್ಪಿಕೊಂಡರು. ಅಂದಿನಿಂದ ನನಗೆ ಸ್ವಲ್ಪ ಧೈರ್ಯ ಬಂತು. ಸಲಹೆ ಕೊಡುವುದಕ್ಕೂ ಪ್ರಯಾಣ ಮಾಡುವುದಕ್ಕೂ ಅಂಥ ಸಂಬಂಧವೇನೂ ಇರಬೇಕಾಗಿಲ್ಲ.

ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನ ಸಲಹೆ ಖಚಿತವಾಗಿತ್ತು. ವಿಮಾನ ನಿಲ್ದಾಣದಲ್ಲಿ ತಮಾಷೆ ಮಾಡಬೇಡಿ, ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿ. ಇದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ ಎಂದು ನಾನು ನಂಬಿದ್ದೆ.

ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ವನಜಕ್ಕ ಎಂಬುವರಿದ್ದರು. ಗಂಡ ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ. ದೆಹಲಿಗೆ ಬಂದ ಹೊಸತರಲ್ಲಿ ನಾನೂ ನನ್ನ ಹೆಂಡತಿಯೂ ಅವರ ಮನೆಯ ಸಾರು ಉಂಡೇ ಚಳಿಗಾಲ ಕಳೆದವರು. ಒಂದು ಜನವರಿಯಲ್ಲಿ ಅವರ ಫೋನ್ ಬಂತು. ಬೆಂಗಳೂರಿನಲ್ಲಿದ್ದ ಅವರ ಅಕ್ಕನಿಗೆ ಹೃದಯದ ಆಪರೇಷನ್. ವನಜಕ್ಕನಿಗೆ ತಾಯಿ ನೆನಪಿಲ್ಲ; ಎತ್ತಿ ಆಡಿಸಿ, ಜಡೆ ಹೆಣೆದು, ಮದುವೆ ಮಾಡಿ ಕಳಿಸಿದವಳು ಆ ಅಕ್ಕ. "ನಿನ್ನ ಮುಖ ನೋಡದೆ ನಾನು ಒಳಗೆ ಹೋಗಲ್ಲ" ಎಂದು ಅಕ್ಕ ಡಾಕ್ಟರರ ಎದುರಿಗೇ ಹಠ ಹಿಡಿದಿದ್ದಳಂತೆ. ರೈಲಿಗೆ ಸಮಯವಿರಲಿಲ್ಲ. ಆಪರೇಷನ್ನಿನ ಹಿಂದಿನ ದಿನ ಬೆಳಗಿನ ವಿಮಾನಕ್ಕೆ ಟಿಕೆಟ್ ಸಿಕ್ಕಿತು. ಅದೇ ವಿಮಾನದಲ್ಲಿ ನಾನೂ ಒಂದು ಪರೀಕ್ಷಾ ಮಂಡಳಿಯ ಸಭೆಗೆಂದು ಹೊರಟಿದ್ದೆ. ಹಾಗಾಗಿ ಮೊದಲ ಸಲ ವಿಮಾನ ಹತ್ತುವ ವನಜಕ್ಕನಿಗೆ ನಾನೇ ಕಾವಲು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ದೆಹಲಿಯಿಂದ ಒಬ್ಬ ಕನ್ನಡಿಗ ಊರಿಗೆ ಹೊರಟನೆಂದರೆ ಅವನು ಒಬ್ಬನೇ ಹೊರಟ ಹಾಗಲ್ಲ. ಸುದ್ದಿ ತಿಳಿದ ತಕ್ಷಣ ಒಬ್ಬೊಬ್ಬರೇ ಬಂದು ಒಂದೊಂದು ಗಂಟು ಕೊಟ್ಟು ಹೋಗುತ್ತಾರೆ. ಅದನ್ನು ಬೇಡ ಎನ್ನುವುದು ಗೌರವವಲ್ಲ, ಬಿಚ್ಚಿ ನೋಡುವುದಂತೂ ಇನ್ನೂ ಗೌರವವಲ್ಲ. ರೈಲಿನಲ್ಲಿ ಬರ್ತಿನ ಕೆಳಗೆ ತಳ್ಳಿಬಿಟ್ಟರಾಯಿತು. ಪುರಾಣದ ವಿಮಾನದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತಿತ್ತಂತೆ; ಈಗಿನ ವಿಮಾನವೂ ಹಾಗೆಯೇ ಎಂದು ನಮ್ಮವರು ತಿಳಿದಿದ್ದರು. ವನಜಕ್ಕ ಅಷ್ಟು ಕಳವಳದಲ್ಲಿದ್ದರೂ ಯಾರ ಗಂಟನ್ನೂ ಬೇಡ ಎನ್ನಲಿಲ್ಲ. ತಮ್ಮ ಚೀಲ ತುಂಬಿದ ಮೇಲೆ ಸಂಕ್ರಾಂತಿಗೆಂದು ಕೊಂಡ ಎಳ್ಳುಬೆಲ್ಲದ ಗಜಕ್ ಪೊಟ್ಟಣಗಳನ್ನು ನನ್ನ ಚೀಲಕ್ಕೂ ಸೇರಿಸಿದರು.

ನಿಲ್ದಾಣದ ಹೊರಗೆ ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ಒಳಗೆ ಕೌಂಟರಿನ ಹುಡುಗಿ ವನಜಕ್ಕನ ಟಿಕೆಟ್ ನೋಡಿ, ಎಲ್ಲರನ್ನೂ ಕೇಳುವಂತೆ ಕೇಳಿದಳು, ಚೀಲವನ್ನು ನೀವೇ ತುಂಬಿದಿರೇ, ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದಾರೆಯೇ ಎಂದು. ಇದಕ್ಕೆ ಜನ ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಾರೆ. ವನಜಕ್ಕ ನನ್ನ ಕಡೆ ತಿರುಗಿದರು.

"ನಿಜ ಹೇಳ್ಬೇಕು ಅಲ್ವಾ ಮೇಷ್ಟ್ರೇ?"

ನಾನು ಬಾಯಿ ತೆರೆಯುವ ಮೊದಲೇ ಅವರು ತಮ್ಮ ಕಿದ್ವಾಯಿ ನಗರದ ಹಿಂದಿಯಲ್ಲಿ ಶುರು ಮಾಡಿಬಿಟ್ಟಿದ್ದರು. ಹೌದು ಬೇಟೀ, ಎಲ್ಲರೂ ಕೊಟ್ಟಿದ್ದಾರೆ. ಮಹಡಿಯವರು ಶಾಲು ಕೊಟ್ಟಿದ್ದಾರೆ, ಪಕ್ಕದವರು ಮಗುವಿನ ಸ್ವೆಟರ್ ಕೊಟ್ಟಿದ್ದಾರೆ, ಜನಕಪುರಿಯ ಹೇಮಾ ಅವಳ ಅಮ್ಮನಿಗೆ ಒಂದು ಡಬ್ಬ ಕೊಟ್ಟಿದ್ದಾಳೆ. ಡಬ್ಬದಲ್ಲಿ ಏನಿದೆ ಎಂದು ಹುಡುಗಿ ಕೇಳಿದಳು. "ಮುಝೇ ಕ್ಯಾ ಪತಾ? ಬೇರೆಯವರ ಗಂಟು ಬಿಚ್ಚಿ ನೋಡೋಕಾಗತ್ತಾ?" ಎಂದು ವನಜಕ್ಕ ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಅವಳನ್ನೇ ಕೇಳಿದರು. ಆಮೇಲೆ ಇಷ್ಟೆಲ್ಲ ಹೇಳಿದವರು ತಾವು ಏಕೆ ಹೊರಟಿದ್ದು ಎಂಬುದನ್ನೂ ಹೇಳಿದರು: ಅಕ್ಕ, ಆಪರೇಷನ್, ಹಠ.

ಹುಡುಗಿ ನನ್ನನ್ನು ನೋಡಿದಳು. ನಿಮಗೆ ಯಾರಾದರೂ ಏನಾದರೂ? ಅಭ್ಯಾಸಬಲದಿಂದ ನಾನು ಇಲ್ಲ ಎಂದುಬಿಟ್ಟೆ.

"ಅಯ್ಯೋ, ನಿಮ್ಮ ಚೀಲದಲ್ಲಿ ನಾನು ಕೊಟ್ಟ ಗಜಕ್ ಇದೆಯಲ್ಲ!" ಎಂದರು ವನಜಕ್ಕ.

ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. ದೊಡ್ಡ ಮೀಸೆಯ ಹರಿಯಾಣದ ಪೊಲೀಸಿನವರೊಬ್ಬರು ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲಿಟ್ಟರು. ನಮ್ಮ ಹಿಂದಿನವರೆಲ್ಲ ನಮ್ಮನ್ನು ದಾಟಿ ಹೋಗುತ್ತಿದ್ದರು. ವನಜಕ್ಕ ನನ್ನ ತೋಳು ಹಿಡಿದುಕೊಂಡು, "ವಿಮಾನ ಬಿಟ್ಟುಬಿಡತ್ತಾ ಮೇಷ್ಟ್ರೇ? ಅಕ್ಕ ಕಾಯ್ತಿರ್ತಾಳೆ" ಎಂದರು. ನನ್ನ ಏಕೈಕ ಖಚಿತ ಸಲಹೆ ತಂದಿಟ್ಟ ಪರಿಸ್ಥಿತಿ ಇದು ಎಂದು ನನಗೆ ಬಹಳ ನಾಚಿಕೆಯಾಯಿತು. ಹಾಗೆಂದು ಸುಳ್ಳು ಹೇಳಿ ಎಂದು ಹೇಳಿಕೊಡಬೇಕಿತ್ತೇ?

ಕೊನೆಗೆ ಹೇಮಾಳ ಡಬ್ಬದ ಸರದಿ ಬಂತು. ಮುಚ್ಚಳ ತೆಗೆದರೆ ಒಳಗೆ ಒಂದು ಹಿಡಿಯಷ್ಟು ಬಿಳಿಯ ಪುಡಿ.

"ಯೇ ಕ್ಯಾ ಹೈ, ಮಾತಾಜೀ?"

ವನಜಕ್ಕ ಬಗ್ಗಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಚೀನೀ" ಎಂದರು. ಸಕ್ಕರೆ. ಬೆಂಗಳೂರಿನಲ್ಲಿ ಸಕ್ಕರೆ ಸಿಗುವುದಿಲ್ಲವೇ, ಒಂದು ಹಿಡಿ ಸಕ್ಕರೆಯನ್ನು ವಿಮಾನದಲ್ಲಿ ಕಳಿಸುವವರು ಯಾರು ಎಂದು ಪೊಲೀಸಿನವರ ಅನುಮಾನ ಹೆಚ್ಚಾಯಿತು. ವನಜಕ್ಕ ಸಮಾಧಾನವಾಗಿ ತಿಳಿಸಿದರು. ಅಮ್ಮ ಚಟ್ನಿಪುಡಿ ತುಂಬಿ ಕಳಿಸಿದ್ದ ಡಬ್ಬ ಅದು. ಮಗಳು ವಾಪಸ್ ಕಳಿಸುತ್ತಿದ್ದಾಳೆ. ಖಾಲಿ ಡಬ್ಬ ಹೇಗೆ ಕಳಿಸುವುದು? ಅದಕ್ಕೇ ಒಂದು ಹಿಡಿ ಸಕ್ಕರೆ. ಪೊಲೀಸಿನವರು ಡಬ್ಬವನ್ನು ಒಂದು ಗಳಿಗೆ ನೋಡಿದರು. ತಮ್ಮ ಮನೆಯಲ್ಲೂ ಪಾತ್ರೆಯನ್ನು ಖಾಲಿ ತಿರುಗಿಸುವುದಿಲ್ಲ, ತಮ್ಮ ತಾಯಿ ಬೆಲ್ಲ ಹಾಕುತ್ತಾರೆ ಎಂದು ಹೇಳಿ ಮುಚ್ಚಳ ಹಾಕಿದರು. "ಚಲೋ, ಜಾವೋ."

ಓಡುತ್ತ ಗೇಟಿಗೆ ಬಂದರೆ ವಿಮಾನವೇ ಇಲ್ಲ. ಮಂಜಿನಿಂದ ಯಾವುದೂ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಮೊದಲು ತಡ ಎಂದರು, ಆಮೇಲೆ ಗೇಟು ಬದಲಾಯಿತು ಎಂದರು, ನಾವು ಆ ಗೇಟಿಗೆ ಹೋದ ಮೇಲೆ ಹಳೆಯದೇ ಸರಿ ಎಂದರು. ಹಲಗೆಯ ಮೇಲೆ ಒಂದು ಬರೆದಿತ್ತು, ಮೈಕಿನಲ್ಲಿ ಇನ್ನೊಂದು ಹೇಳುತ್ತಿದ್ದರು, ಸಮವಸ್ತ್ರದವರನ್ನು ಕೇಳಿದರೆ ಮೂರನೆಯದು. ನಾನು ಮೂರನ್ನೂ ನಂಬಿ ವನಜಕ್ಕನನ್ನು ಅತ್ತಿಂದಿತ್ತ ನಡೆಸಿದೆ. ಮಧ್ಯಾಹ್ನವಾಯಿತು. ಅಕ್ಕಪಕ್ಕದವರು ಹಸಿವಿನಿಂದ ಸಿಡುಕತೊಡಗಿದಾಗ ವನಜಕ್ಕ ತಮ್ಮ ಕೈಚೀಲ ಬಿಚ್ಚಿ ದಾರಿಗೆಂದು ತಂದಿದ್ದ ಚಪಾತಿ, ಪಲ್ಯ ಎಲ್ಲರಿಗೂ ಕೊಟ್ಟರು. ತಾವು ಮಾತ್ರ ಏನೂ ಮುಟ್ಟಲಿಲ್ಲ. ಗಾಜಿನಾಚೆ ಕಾಣದ ರನ್‌ವೇಯನ್ನು ನೋಡುತ್ತ ಕೂತಿದ್ದರು.

ಸಂಜೆಯ ಹೊತ್ತಿಗೆ ನಮ್ಮ ವಿಮಾನ ರದ್ದಾಯಿತು. ಇನ್ನೊಂದು ವಿಮಾನ ಹೊರಡುತ್ತದೆ, ಅದರಲ್ಲಿ ಕೆಲವೇ ಸೀಟುಗಳಿವೆ ಎಂದರು. ಜನ ಕೌಂಟರಿಗೆ ಮುಗಿಬಿದ್ದರು. ನಾನೂ ನುಗ್ಗಿ ಇಂಗ್ಲಿಷಿನಲ್ಲಿ ಕೂಗಿದೆ, ಹಿಂದಿಯಲ್ಲಿ ಕೂಗಿದೆ, ಸಿಟ್ಟಿನ ಭರದಲ್ಲಿ ಕನ್ನಡದಲ್ಲೂ ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಆಗ ಬೆಳಗಿನ ಆ ಹುಡುಗಿಯೇ ಜನರ ನಡುವೆ ದಾರಿ ಮಾಡಿಕೊಂಡು ಬಂದು, "ಅಕ್ಕನ ಆಪರೇಷನ್ ಇರುವ ಆಂಟೀಜೀ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದಳು. ಆ ದಿನ ಅವಳಿಗೆ ತಮ್ಮ ಕಥೆ ಪೂರ್ತಿ ಹೇಳಿದವರು ಇಡೀ ನಿಲ್ದಾಣದಲ್ಲಿ ಅವರೊಬ್ಬರೇ ಇರಬೇಕು. ಒಂದೇ ಸೀಟು. ವನಜಕ್ಕ ನನ್ನನ್ನು ನೋಡಿದರು. ಹೋಗಿ ಎಂದೆ. ಸಾಮಾನು ಸೇರಿಸುವಷ್ಟು ಸಮಯವಿರಲಿಲ್ಲ; ಚೀಲಗಳೂ ಡಬ್ಬವೂ ನನ್ನ ಪಾಲಿಗೆ ಉಳಿದವು.

ಗೇಟಿನವರೆಗೂ ಅವರ ಜೊತೆ ನಡೆಯುತ್ತ ನನ್ನ ಜ್ಞಾನವನ್ನೆಲ್ಲ ಒಟ್ಟಿಗೆ ಸುರಿದೆ. ಕಿವಿಗೆ ಹತ್ತಿ ಇಡಿ, ಇಡಬೇಡಿ, ಏಳುವಾಗ ಎಂಜಲು ನುಂಗಿ, ಇಳಿಯುವಾಗ ಪೆಪ್ಪರ್‌ಮಿಂಟ್ ಬಾಯಲ್ಲಿರಲಿ, ಬೆಲ್ಟು ಬಿಗಿಯಾಗಿರಲಿ, ತೀರ ಬಿಗಿ ಬೇಡ. ಅವರು ಎಲ್ಲದಕ್ಕೂ ಹೂಂ ಹೂಂ ಎಂದು ಒಳಗೆ ಹೋದರು. ತಿರುಗಿ ಕೂಡ ನೋಡಲಿಲ್ಲ.

ಮನೆಗೆ ಬಂದು ನಾನು ಮಾಡಿದ ಕೆಲಸವೆಂದರೆ ಫೋನನ್ನು ನೋಡುತ್ತ ಕೂರುವುದು. ತಲುಪಿದರು ಎಂದು ಅವರ ಗಂಡ ತಿಳಿಸಿದರು. ಆಮೇಲೆ ಯಾವ ಸುದ್ದಿಯೂ ಇಲ್ಲ. ಮರುದಿನ ರಾತ್ರಿ ಆಸ್ಪತ್ರೆಯಿಂದ ವನಜಕ್ಕನೇ ಮಾತಾಡಿದರು.

"ಮೇಷ್ಟ್ರೇ, ಸಿಕ್ಕಿದ್ಲು. ಒಳಗೆ ಕರ್ಕೊಂಡು ಹೋಗೋವರೆಗೂ ನನ್ನ ಕೈ ಹಿಡ್ಕೊಂಡೇ ಇದ್ಲು. ಆಪರೇಷನ್ ಚೆನ್ನಾಗಾಯ್ತಂತೆ. ಈಗ ಕಣ್ಣು ಬಿಟ್ಟಿದ್ದಾಳೆ."

ಅಷ್ಟು ಸಂತೋಷದಲ್ಲಿ ಏನು ಮಾತಾಡಬೇಕೋ ತಿಳಿಯದೆ, ನನ್ನ ಕಸುಬಿನ ಪ್ರಶ್ನೆಯನ್ನೇ ಕೇಳಿದೆ. "ವಿಮಾನ ಹೇಗಿತ್ತು ವನಜಕ್ಕ?"

"ವಿಮಾನನಾ? ನಿಜವಾಗ್ಲೂ ಗೊತ್ತಿಲ್ಲ ಮೇಷ್ಟ್ರೇ. ಕೂತೆ. ಅವಳದ್ದೇ ಯೋಚನೆ. ಯಾರೋ ಇಳೀರಿ ಅಂದ್ರು, ಇಳಿದೆ."

ಫೋನ್ ಇಟ್ಟಾಗ ನನ್ನ ಹೆಂಡತಿ ಅಡುಗೆಮನೆಯಿಂದ ಓಡಿಬಂದು, "ಏನಂತೆ? ಮೊದಲನೇ ಸಲ ಅಲ್ವಾ, ವಿಮಾನದಲ್ಲಿ ಹೆದರಿಕೊಂಡ್ರಂತಾ?" ಎಂದು ಕೇಳಿದಳು.

"ಅವರು ವಿಮಾನದಲ್ಲಿ ಹೋಗಲೇ ಇಲ್ಲವಂತೆ ಕಣೇ," ಎಂದೆ. "ಅಕ್ಕನ ಹತ್ತಿರ ಹೋದರಂತೆ."