ದೊಡ್ಡಮಲ್ಲಮ್ಮ ಬಾಯಿ ಮುಚ್ಚಿದ ಮದುವೆ

ಕುದೇರಿನ ದೊಡ್ಡಮಲ್ಲಮ್ಮನ ಗಂಟಲನ್ನು ಬೈದವರುಂಟು, ಅದಿಲ್ಲದೆ ಕೆಲಸ ನಡೆಸಿದವರಿಲ್ಲ. ಕೆರೆಯಾಚೆ ಯಾರ ಹೊಲಕ್ಕೆ ಎಮ್ಮೆ ನುಗ್ಗಿದರೂ ಅವಳು ತನ್ನ ಜಗಲಿಯಲ್ಲಿ ಕೂತೇ ಕೂಗಿ ಓಡಿಸುತ್ತಿದ್ದಳು. ಮದುವೆಮನೆಗಳಲ್ಲಿ ಮುಹೂರ್ತದ ಹೊತ್ತಿಗೆ ಓಲಗದವರತ್ತ ತಿರುಗಿ ‘ಗಟ್ಟಿಮೇಳ!’ ಎಂದು ಕೂಗುವ ಹಕ್ಕು ಯಾರೂ ಕೊಡದೆಯೇ ಅವಳಿಗೆ ಬಂದಿತ್ತು. ಇಂಥವಳ ಹತ್ತಿರ, ಸದ್ದಿಗೆ ಹೆದರುವ, ಜನಜಂಗುಳಿ ಕಂಡರೆ ನಡುಗುವ ಮಕ್ಕಳ ತಾಯಂದಿರು ಬಂದು, ಗೋಪಾಲಸ್ವಾಮಿ ಬೆಟ್ಟಕ್ಕೆ ಯಾವ ದಿನ ಹೋದರೆ ಜನ ಕಡಿಮೆ, ಯಾವ ಹೊತ್ತಿಗೆ ಹೊರಟರೆ ಮಗುವಿಗೆ ಹಿತ ಎಂದೆಲ್ಲ ಕೇಳುವ ಕಾಲವೂ ಬಂತು. ಅದಕ್ಕೆ ಕಾರಣ ಅವಳ ಮೊಮ್ಮಗಳು ಗುರುಮಲ್ಲಿ, ಮತ್ತು ಐವತ್ತೇಳನೆಯ ಇಸವಿಯಲ್ಲಿ ಗುಂಡ್ಲುಪೇಟೆಯಲ್ಲಿ ನಡೆದ ಒಂದು ಮದುವೆ.

ಗುರುಮಲ್ಲಿಗೆ ಆಗ ಐದು ವರ್ಷ. ಒರಳಿನ ಸದ್ದಿಗೆ, ಸಂತೆಯ ಗದ್ದಲಕ್ಕೆ, ಹೊಸ ಸೀರೆಯ ಗಂಜಿ ಮೈಗೆ ತಾಗಿದರೆ ಕೂಡ, ಅವಳು ಮುದುರಿಕೊಂಡು ಮೂಲೆ ಸೇರುವಳು. ಹಿಂದಿನ ವರ್ಷ ಚಾಮರಾಜನಗರದಲ್ಲಿ ನೆಂಟರ ಮದುವೆಯಲ್ಲಿ ಓಲಗ ಎದ್ದಾಗ ಚೀರಿ ಚೀರಿ ಉಸಿರು ಕಟ್ಟಿ ನೀಲಿಯಾಗಿಬಿಟ್ಟಳು. ಗಾಳಿ ಸೋಕಿದೆ ಎಂದು ಯಾರೋ ಮೆಣಸಿನಕಾಯಿ ಹೊಗೆ ಹಾಕಿದರು. ಮಗು ಎಷ್ಟೋ ದಿನ ಮಾತೇ ಆಡಲಿಲ್ಲ. ಅಂದಿನಿಂದ ಸೊಸೆ ಶಾಂತಮಲ್ಲಮ್ಮ ಮಗುವನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ತವರಿನ ಹೊಸ್ತಿಲನ್ನೂ ತುಳಿಯಲಿಲ್ಲ.

ಈಗ ಅವಳ ತಮ್ಮ ಗಂಗಾಧರಸ್ವಾಮಿಗೆ ಮದುವೆ ಗೊತ್ತಾಗಿತ್ತು. ಮದುವೆ ಗುಂಡ್ಲುಪೇಟೆಯ ಗಂಡಿನ ಮನೆಯಲ್ಲೇ. ಮದುಮಗನ ಒಡಹುಟ್ಟಿದವಳೇ ಕಳಸಗಿತ್ತಿಯಾಗಿ ಕಳಸ ಹಿಡಿಯಬೇಕು, ಇದ್ದವಳು ಒಬ್ಬಳೇ ಅಕ್ಕ. ಮಗುವನ್ನು ಬಿಟ್ಟು ಹೋದರೆ ಅದು ಅನ್ನ ನೀರು ಮುಟ್ಟದು, ಕರೆದೊಯ್ದರೆ ಓಲಗ ಕಾದಿದೆ.

‘ನಾ ಓಗಕಿಲ್ಲ ಅತ್ತೆ. ಕಳ್ಸವ ಬ್ಯಾರೆ ಯಾರಾದ್ರೂ ಇಡ್ಕಳ್ಳಿ’ ಎಂದು ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

‘ಅಕ್ಕ ಅನ್ನೋಳು ಬದುಕಿದ್ದೂ ಕಳ್ಸ ಬ್ಯಾರೆಯೋರ ಕೈಗಾ? ನಾನೂ ಬತ್ತೀನಿ ಕಣಮ್ಮಿ. ಮಗು ನನ್ಗಿರ್ಲಿ, ನೀನು ಕಳ್ಸ ನೋಡ್ಕೊ’ ಎಂದು ದೊಡ್ಡಮಲ್ಲಮ್ಮ ಅಂದುಬಿಟ್ಟಳು. ಹಿಂದುಮುಂದು ನೋಡದೆ ಅಂದ ಮಾತು ಅದು.

ಮಗುವನ್ನು ನೋಡಿಕೊಳ್ಳುವುದೇನೋ ಸರಿ, ಆದರೆ ಗುರುಮಲ್ಲಿ ಹುಟ್ಟಿದಾಗಿನಿಂದ ಒಮ್ಮೆಯೂ ತಾನಾಗಿ ಅಜ್ಜಿಯ ತೊಡೆ ಏರಿದವಳಲ್ಲ. ಮಾರನೆಯ ಮಧ್ಯಾಹ್ನ ‘ಗುರುಮಲ್ಲೀ, ಉಣ್ಣಾಕ್ ಬಾ!’ ಎಂದು ಎಂದಿನಂತೆ ಕೂಗಿದಾಗ, ಮಗು ಎರಡೂ ಕಿವಿ ಮುಚ್ಚಿಕೊಂಡು ಕಂಬದ ಹಿಂದೆ ಸರಿದದ್ದನ್ನು ದೊಡ್ಡಮಲ್ಲಮ್ಮ ಮೊದಲ ಸಲ ನೋಡಿದಳು. ಹಿಂದೆ ನೋಡಿರಲಿಕ್ಕೂ ಸಾಕು, ಲಕ್ಷ್ಯ ಕೊಟ್ಟಿರಲಿಲ್ಲ. ಹಾಗಾದರೆ ಮನೆಯೊಳಗೇ ಒಂದು ಓಲಗವಿದೆ, ಅದು ತಾನೇ ಎಂದುಕೊಂಡಳು. ಮೊದಲು ನಗು ಬಂತು, ಆಮೇಲೆ ಅನ್ನದ ತಟ್ಟೆಯನ್ನು ಕಂಬದ ಬುಡಕ್ಕೆ ತಂದಿಟ್ಟು ದೂರ ಸರಿದು ಕೂತಳು.

ಅಂದಿನಿಂದ ಮುದುಕಿ ಮೆಲ್ಲಗೆ ಮಾತಾಡಲು ಕಲಿಯತೊಡಗಿದಳು. ಊರಿನವರು ಗಂಟಲಿಗೆ ಶುಂಠಿ ಕಷಾಯ ಕುಡಿ ಎಂದು ಬುದ್ಧಿ ಹೇಳಿದರು. ಆ ಮದುವೆಗೆ ಒಪ್ಪಿಕೊಂಡಿದ್ದ ಮೇಳದಲ್ಲಿ ಡೋಲು ಬಾರಿಸುವವನು ಕುದೇರಿನವನೇ ಆದ ಚಿಕ್ಕಣ್ಣ. ಅವನಿಗೆ ದುಂಬಾಲು ಬಿದ್ದು, ಕೆರೆ ಏರಿಯ ಆ ತುದಿಯಲ್ಲಿ ನಿಲ್ಲಿಸಿ ಬೆರಳಿನಲ್ಲಿ ಡೋಲು ತಟ್ಟಿಸಿದಳು. ಈ ತುದಿಯಲ್ಲಿ ಮಗುವಿನ ಜೊತೆ ಕೂತಳು. ದಿನ ಕಳೆದಂತೆ ಚಿಕ್ಕಣ್ಣ ಹತ್ತಿರ ಬಂದ. ‘ಸಾಕು ಅನ್ಸುದ್ರೆ ಬಾಯ್ ಬುಡ್ಬೇಡ ಕಣಮ್ಮಿ, ನನ್ನ ಸೆರಗ ಎಳಿ. ಎದ್ದು ಓಗ್ಬುಡನ’ ಎಂದು ಮಗುವಿಗೆ ಹೇಳಿಕೊಟ್ಟಳು. ಮೊದಮೊದಲು ಮಗು ಬಂದ ತಕ್ಷಣ ಎಳೆಯುತ್ತಿತ್ತು. ಎಳೆದಾಗಲೆಲ್ಲ ಅಜ್ಜಿ ಎದ್ದಳು. ಎದ್ದೇ ಏಳುತ್ತಾಳೆ ಎಂಬ ನಂಬಿಕೆ ಬಂದ ಮೇಲೆ ಮಗು ಸ್ವಲ್ಪ ಹೊತ್ತು ಕೂತು ಕೇಳಿತು.

ಹೊರಡುವ ದಿನ ಮಗ ಮರಿಮಲ್ಲಪ್ಪ ಎತ್ತುಗಳಿಗೆ ಹೊಸ ಗೆಜ್ಜೆಸರ ಕಟ್ಟಿ ನಿಂತಿದ್ದ. ಮದುವೆಗೆ ಹೊರಟ ಗಾಡಿ ಸದ್ದು ಮಾಡದಿದ್ದರೆ ಅವನ ಮರ್ಯಾದೆಗೆ ಕುಂದು.

‘ಬಿಚ್ಲಾ ಅದ್ನ’ ಎಂದಳು ತಾಯಿ.

‘ಗೆಜ್ಜೆ ಇಲ್ದೆ ಓದ್ರೆ ಸಾವಿನ್ ಮನೆಗೆ ಓಗಂಗಾಯ್ತದೆ ಅವ್ವ.’

‘ಅನ್ನೋರು ಅನ್ಲಿ ಬುಡು. ಸಿಂಗಾರ ಬೇಕಾದ್ರೆ ಕೊಂಬಿಗೆ ಬಣ್ಣದ ಟೇಪು ಕಟ್ಕೊ.’

ಬಸ್ಸಿನ ಹಾರನ್ನು ಬೇಡವೆಂದು ಗುಂಡ್ಲುಪೇಟೆಯವರೆಗೂ ಗಾಡಿಯಲ್ಲೇ ಹೋದರು. ತೆರಕಣಾಂಬಿಯ ಹತ್ತಿರ ಮರದ ನೆರಳಿನಲ್ಲಿ ನಿಲ್ಲಿಸಿ ಬುತ್ತಿ ಬಿಚ್ಚಿದರು. ಮಗುವಿಗೆ ಮನೆಯ ಮೊಸರನ್ನ, ಹಳೆಯ ಮೆತ್ತನೆಯ ಲಂಗ, ದಿನಾ ಹೊದೆಯುವ ಕಂಬಳಿ. ಚಪ್ಪರ ಹಾಕುವ ಮುಂಚೆಯೇ ಮದುವೆಮನೆ ಸೇರಬೇಕು, ಮಗು ಕಂಬ ನೆಡುವುದನ್ನೂ ಗರಿ ಹೊದಿಸುವುದನ್ನೂ ನೋಡಿ ಜಾಗಕ್ಕೆ ಒಗ್ಗಬೇಕು ಎಂಬುದು ದೊಡ್ಡಮಲ್ಲಮ್ಮನ ಲೆಕ್ಕಾಚಾರ. ಮಗು ಒಗ್ಗಿತು ಕೂಡ. ಗದ್ದಲವಾದರೆ ಓಡಿಹೋಗಲು ಹಿತ್ತಲಿನ ಹುಲ್ಲಿನ ಕೋಣೆಯನ್ನು ಗೊತ್ತುಮಾಡಿದಳು. ಸುತ್ತ ಹುಲ್ಲು ಒಟ್ಟಿದ್ದರಿಂದ ಒಳಗೆ ಸದ್ದು ನುಗ್ಗದು. ಎಲ್ಲ ಸರಿಯಾಯಿತೆಂದು ಅವಳು ಕಾಲು ಚಾಚಿ ಕೂತಳು.

ನೂರು ಮದುವೆ ಕಂಡವಳು ಒಂದನ್ನು ಮರೆತಿದ್ದಳು. ಧಾರೆಗೆ ಮುಂಚೆ ಕಳಸಗಿತ್ತಿ ಮುತ್ತೈದೆಯರ ಜೊತೆ ಓಲಗ ಊದಿಸಿಕೊಂಡು ಬಾವಿಯಿಂದ ಹೊಸನೀರು ತರಬೇಕು. ಆ ಮನೆಯ ಬಾವಿ ಇದ್ದದ್ದು ಹುಲ್ಲಿನ ಕೋಣೆಯ ಬಾಗಿಲ ಮುಂದೆಯೇ!

ಧಾರೆಯ ದಿನ ಮಗುವನ್ನು ಕರೆದುಕೊಂಡು ಹುಲ್ಲಿನ ಕೋಣೆ ಸೇರಿದ್ದವಳಿಗೆ, ನಾಗಸ್ವರದ ಸದ್ದು ಮನೆಯ ಪಕ್ಕದಿಂದ ಹಿತ್ತಲಿಗೆ ತಿರುಗಿದಾಗಲೇ ಇದು ಹೊಳೆದದ್ದು. ಗುರುಮಲ್ಲಿ ಕಂಬಳಿಯೊಳಗೆ ಮುದುರಿ ಸೆರಗನ್ನು ಎಳೆದಳು. ಎದ್ದು ಹೋಗೋಣವೆಂದರೆ ಇದ್ದದ್ದು ಒಂದೇ ಬಾಗಿಲು, ಅದರೆದುರಿಗೇ ಮೆರವಣಿಗೆ. ಮಗು ಮತ್ತೆ ಎಳೆಯಿತು, ತುಟಿ ಬಿಳಚಿಕೊಂಡಿತ್ತು. ಅಜ್ಜಿಗೆ ಹಿಂದಿನ ವರ್ಷದ ನೀಲಿ ಮುಖ ನೆನಪಾಯಿತು.

‘ನಿಲ್ಸ್ರೋ’ ಎಂದು ಒಂದು ಕೂಗು ಹಾಕಿದ್ದರೆ ಪೇಟೆ ಬೀದಿಯೆಲ್ಲ ನಿಲ್ಲುತ್ತಿತ್ತು. ಕೂಗು ಗಂಟಲಿಗೆ ಬಂದೂ ಬಂತು. ಆದರೆ ಬೆನ್ನ ಹಿಂದೆ ಮಗುವಿದೆ. ದೊಡ್ಡಮಲ್ಲಮ್ಮ ಕೂಗನ್ನು ನುಂಗಿಕೊಂಡು, ಹೊರಗೆ ನುಗ್ಗಿ, ಓಲಗದವರ ಎದುರು ಎರಡೂ ಕೈ ಅಗಲಿಸಿ ನಿಂತಳು. ಆಮೇಲೆ ಒಂದು ಕೈ ತಂದು ತನ್ನ ಬಾಯಿಯ ಮೇಲೇ ಇಟ್ಟುಕೊಂಡಳು.

ಮೊದಲು ಚಿಕ್ಕಣ್ಣನ ಡೋಲು ನಿಂತಿತು. ನಾಗಸ್ವರ ಅರ್ಧಕ್ಕೇ ಉಸಿರು ಬಿಟ್ಟಿತು. ಹರಟುತ್ತ ಬಂದ ಹೆಂಗಸರೂ ಗಪ್ಪಾದರು. ದೊಡ್ಡಮಲ್ಲಮ್ಮ ಮದುವೆಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆಂದರೆ ಏನೋ ಆಗಬಾರದ್ದು ಆಗಿದೆ ಎಂದೇ ಎಲ್ಲರೂ ಎಣಿಸಿದರು.

‘ಓಲ್ಗ ನಿಲ್ಬಾರ್ದು, ಅಪಸಕುನ’ ಎಂದು ಹಿಂದಿನಿಂದ ಒಬ್ಬಳು ಪಿಸುಗುಟ್ಟಿದಳು. ಶಾಂತಮಲ್ಲಮ್ಮ ಕಳಸವನ್ನು ಎದೆಗೆ ಅವಚಿಕೊಂಡಳು.

ಮದುವೆ ಮಾಡಿಸಲು ಬಂದಿದ್ದ ಲಿಂಗಯ್ಯನವರು ಹುಲ್ಲಿನ ಕೋಣೆಯತ್ತ ನೋಡಿದರು, ಮುದುಕಿಯತ್ತ ನೋಡಿದರು. ‘ನೀರ ಸೇದಕ್ಕೆ ಅಗ್ಗ ಬೇಕು ಕಣ್ರವ್ವ, ಡೋಲು ಬ್ಯಾಡ. ತುಂಬ್ಕಳಿ’ ಎಂದು ಮೆಲ್ಲಗೆ ಹೇಳಿದರು.

ರಾಟೆಯ ಕಿರಕಿರ ಬಿಟ್ಟರೆ ಬೇರೆ ಸದ್ದಿಲ್ಲದೆ ಕಳಸ ತುಂಬಿತು. ಆ ಮೌನಕ್ಕೆ ಗುರುಮಲ್ಲಿ ಕಂಬಳಿ ಹೊದ್ದುಕೊಂಡೇ ಬಾಗಿಲಿಗೆ ಬಂದು ನಿಂತಳು. ಹೂ ಮುಡಿದು ಕಳಸ ಹಿಡಿದ ಅವ್ವನನ್ನು ಕಂಡು ನಕ್ಕಳು. ಶಾಂತಮಲ್ಲಮ್ಮ ಅಳುತ್ತ ನಗುತ್ತ ಮುಂದೆ ನಡೆದಳು. ಓಲಗದವರು ಬೀದಿ ಬಾಗಿಲು ಮುಟ್ಟುವವರೆಗೂ ಉಸಿರೆತ್ತಲಿಲ್ಲ.

ದೊಡ್ಡಮಲ್ಲಮ್ಮ ಒಳಗೆ ಬಂದು ಹುಲ್ಲಿನ ಮೇಲೆ ಕೂತಳು. ಬದುಕಿದೆಯಾ ಬಡಜೀವವೇ ಎನ್ನುವಂತೆ ಉದ್ದಕ್ಕೆ ಉಸಿರು ಬಿಟ್ಟಳು. ಗುರುಮಲ್ಲಿ ಬಂದು, ಕೇಳದೆ ಕರೆಯದೆ, ಅಜ್ಜಿಯ ತೊಡೆಯ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಚಪ್ಪರದ ಕಡೆಯಿಂದ ಬೇರೆ ಯಾರದೋ ಗಂಟಲು ‘ಗಟ್ಟಿಮೇಳ!’ ಎಂದು ಕೂಗಿತು. ಹುಲ್ಲನ್ನು ದಾಟಿ ಓಲಗ ಸಣ್ಣಗೆ ಒಳಗೆ ಬಂತು. ದೊಡ್ಡಮಲ್ಲಮ್ಮ ಎರಡೂ ಅಂಗೈಗಳಿಂದ ಮೊಮ್ಮಗಳ ಕಿವಿ ಮುಚ್ಚಿದಳು. ಮಗು ಅಜ್ಜಿಯ ಮುಖವನ್ನೇ ನೋಡಿತು. ಆಮೇಲೆ ಕಂಬಳಿಯಿಂದ ತನ್ನೆರಡು ಪುಟ್ಟ ಕೈಗಳನ್ನು ಹೊರಗೆ ತೆಗೆದು, ಅಜ್ಜಿಯ ಕಿವಿಗಳನ್ನು ಮುಚ್ಚಿತು.