ಆರ್ಗನ್ ಇಲ್ಲದ ಬೈಠಕ್

ಕೋವಿಡ್ ನಿರ್ಬಂಧಗಳು ತೆರವಾದ ಮರುವರ್ಷ ನಾನು ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್‌ನಲ್ಲಿ ಸಂಗೀತ ಸಂಸ್ಥೆಯೊಂದರ ಕಾರ್ಯಕ್ರಮ ಸಂಯೋಜಕಿಯಾಗಿದ್ದೆ. ಆ ವರ್ಷದ ನನ್ನ ಹಟವೆಂದರೆ ಹಳೆಯ ಕಾಲದ ಒಬ್ಬ ಫ್ರೆಂಚ್ ಸಂಗೀತಗಾರ. ಹೆಸರು ಹೇಳಿದರೂ ನೀವು ಕೇಳಿರಲಾರಿರಿ. ಚರ್ಚಿನ ಆರ್ಗನ್‌ಗೆ ಆತ ರಚಿಸಿದ ಒಂದೇ ಒಂದು ಕೃತಿ ಇಲ್ಲಿನ ಮದುವೆಗಳಲ್ಲಿ ಮೊಳಗುತ್ತದೆ. ಉಳಿದದ್ದು ಯಾರಿಗೂ ಬೇಡ. ನಮ್ಮೂರಿನ ಚರ್ಚಿನ ಆರ್ಗನ್ ವಾದಕಿ ಹೆಲೆನ್, ನಿವೃತ್ತಿಗೆ ಮುನ್ನ ಅಲ್ಲಿ ಆತನ ಕೃತಿಗಳದೇ ಒಂದು ಸಂಜೆ ನಡೆಸುವ ಆಸೆಯಿಂದ ವರ್ಷವಿಡೀ ಅಭ್ಯಾಸ ಮಾಡಿದ್ದರು.

ಕಾರ್ಯಕ್ರಮ ಹತ್ತಿರ ಬಂದಾಗ ಎಂಜಿನಿಯರುಗಳು ಕಟ್ಟಡ ಭೂಕಂಪ ತಾಳದು ಎಂದರು. ಚರ್ಚಿಗೆ ಬೀಗ ಬಿತ್ತು. ಗೋಡೆಯುದ್ದಕ್ಕೂ ನಿಂತ ಕೊಳವೆಗಳ ವಾದ್ಯ ಅದು, ಎತ್ತಿಕೊಂಡು ಹೋಗುವಂತಿಲ್ಲ.

“ಆರ್ಗನ್ ಸಂಗೀತಗಾರ, ಆರ್ಗನ್ನೇ ಇಲ್ಲ. ರದ್ದು ಮಾಡಿ,” ಎಂದರು ನಮ್ಮ ನಿರ್ದೇಶಕ ಗ್ರಹಾಂ.

ನನಗೆ ಮೈಯೆಲ್ಲ ಉರಿಯಿತು. ಹಾಡು, ಸಿಂಫನಿ, ಬ್ಯಾಲೆ, ಒಪೆರಾ, ಪಿಯಾನೊ ಜೊತೆ ನಾಲ್ಕು ತಂತಿವಾದ್ಯ ಸೇರುವ ಕ್ವಿಂಟೆಟ್, ಎಲ್ಲವನ್ನೂ ಬರೆದವನು ಆತ.

“ಮಾಡುವುದಿಲ್ಲ. ಹೆಲೆನ್ ಪಿಯಾನೊ ನುಡಿಸುತ್ತಾರೆ. ನಮ್ಮ ಮನೆಯಲ್ಲಿ,” ಎಂದೆ.

ಮನೆಯಲ್ಲಿ ನಡೆಯುವುದು ಕಾನ್ಸರ್ಟ್ ಅಲ್ಲ ಎಂದು ಅವರು ನಕ್ಕರು. ನಾನು ಧಾರವಾಡದವಳು. ದೊಡ್ಡ ದೊಡ್ಡ ಗಾಯಕರನ್ನು ಮನೆಮನೆಯ ಬೈಠಕ್‌ಗಳಲ್ಲಿ ಜಮಖಾನದ ಮೇಲೆ, ಎದುರಿಗೇ ಕೂತು ಕೇಳಿ ಬೆಳೆದವಳು. ನನಗೇ ಈ ಮಾತೇ?

ತಂತಿವಾದ್ಯಕ್ಕೆ ಊರಿನ ನಾಲ್ವರು ಒಪ್ಪಿದರು. ಮಗಳ ಪಿಯಾನೊವನ್ನು ಹಾಲ್‌ನ ನಡುವೆ, ಹೆಲೆನ್ ಕೇಳುವವರತ್ತ ಮುಖಮಾಡಿ ಕೂರುವಂತೆ ಇಟ್ಟೆವು. ನ್ಯೂಜಿಲೆಂಡಿನವರು ಸೋಫಾದ ಮೇಲೆ, ನಮ್ಮ ಕನ್ನಡದವರು ಜಮಖಾನದ ಮೇಲೆ. ಗ್ರಹಾಂ ಕೂಡ ಬಂದು ಬಾಗಿಲ ಬಳಿ ನಿಂತರು.

ಇಲ್ಲಿ ಕೃತಿ ಮುಗಿಯುವವರೆಗೆ ಕೆಮ್ಮಲೂ ಜನ ಹಿಂಜರಿಯುತ್ತಾರೆ. ಕ್ವಿಂಟೆಟ್‌ನ ನಿಧಾನದ ಭಾಗ ನಡೆದಿತ್ತು. ಪಕ್ಕದ ಮನೆಯ ಶಾಂತಕ್ಕ ತಡೆಯದೆ, “ವಾಹ್! ಎಷ್ಟ್ ಛಂದ ಬಾರಸ್ತಾರವ್ವಾ!” ಎಂದುಬಿಟ್ಟರು.

ಗ್ರಹಾಂ ತುಟಿಗೆ ಬೆರಳಿಟ್ಟರು.

“ಸುಮ್ನ ಹ್ಯಾಂಗ ಕೂಡ್ಲಿ? ಛಲೋ ಆಗೇದಂತ ಅಕಿಗೆ ಗೊತ್ತಾಗೂದು ಬ್ಯಾಡೇನು?”

ಹೆಲೆನ್ ತಲೆಯೆತ್ತಿ ಶಾಂತಕ್ಕನನ್ನು ನೋಡಿದರು, ನಕ್ಕರು, ನುಡಿಸುತ್ತಲೇ ಹೋದರು.

ಮುಗಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: “ಆರ್ಗನ್ ವಾದಕರು ಚರ್ಚಿನ ಅಟ್ಟದ ಮೇಲೆ, ಜನರಿಗೆ ಬೆನ್ನು ಮಾಡಿ ಕೂರುತ್ತೇವೆ. ಜೀವಮಾನವೆಲ್ಲ ಹಾಗೇ ನುಡಿಸಿದೆ. ಕೇಳುವವರ ಮುಖ ನೋಡಿದ್ದು ಇವತ್ತೇ.”

ಆ ಫ್ರೆಂಚ್ ಸಂಗೀತಗಾರನ ಆಯುಷ್ಯವೂ ಅಂಥದೇ ಅಟ್ಟದ ಮೇಲೆ ಕಳೆದಿತ್ತು. ಒಬ್ಬ ಮನುಷ್ಯ ಇಷ್ಟೇ ಎಂದು ಯಾರು ಹೇಳಿದರೂ ಒಪ್ಪಬೇಡ ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿತು.

ಹೊರಡುವಾಗ ಗ್ರಹಾಂ, “ಚರ್ಚು ದುರಸ್ತಿಯಾದ ಮೇಲೆ ಅಲ್ಲಿ ಇನ್ನೊಮ್ಮೆ ಮಾಡೋಣ,” ಎಂದರು.

“ಮಾಡೋಣ,” ಎಂದೆ. “ಪಿಯಾನೊ ಕೆಳಗೆ, ಜನರ ನಡುವೆ. ಮೊದಲ ಸಾಲಿನಲ್ಲಿ ಶಾಂತಕ್ಕ.”