ಬಟಾಣಿ ಸೋಸಿದ ಬೇಸಿಗೆ

ಆ ಬೇಸಿಗೆಯಲ್ಲಿ ನಾನು ಕಾಶಿಯ ಬಂಗಾಲಿ ಟೋಲಾ ಬಡಾವಣೆಯ ಹಳೆಯ ಮನೆಯೊಂದರ ಮೇಲಿನ ಕೋಣೆಯಲ್ಲಿದ್ದೆ. ಪಕ್ಕದ ಕೋಣೆಯಲ್ಲಿ ವಿಜಯಪುರದ ಕಡೆಯ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರಿದ್ದರು. ಗಂಡ ತೀರಿಕೊಂಡ ಮೇಲೆ ಕಾಶಿಯಲ್ಲೇ ಇದ್ದುಬಿಡುತ್ತೇನೆಂದು ಹಟ ಹಿಡಿದು ಬಂದವರು. ನಾನು ತುಮಕೂರಿನವಳು. ಇಲ್ಲಿನ ಆಹಾರ ಪ್ರಯೋಗಾಲಯವೊಂದರಲ್ಲಿ ಒಣ ಬಟಾಣಿಯಿಂದ ಪ್ರೋಟೀನ್ ಬೇರ್ಪಡಿಸುವುದು ನನ್ನ ಕೆಲಸ. ದಿನವಿಡೀ ಹಿಂದಿಯಲ್ಲಿ ಮಾತಾಡಿ ಬಂದವಳಿಗೆ ಸಂಜೆ ಅಜ್ಜಿಯ ಬಾಗಿಲಲ್ಲಿ ಕೂತು ಕನ್ನಡ ಆಡುವುದೆಂದರೆ ಚಪ್ಪಲಿ ಬಿಟ್ಟು ಕಾಲು ಚಾಚಿದಷ್ಟು ಹಾಯಿ.

ಟೈಫಾಯ್ಡ್ ಬಂದು ಹೋದ ಮೇಲೆ ಅಜ್ಜಿ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದರು. ಮೈ ಇಳಿದುಹೋಗಿತ್ತು. ಡಾಕ್ಟರು ಬೇಳೆಕಾಳು ಹೆಚ್ಚು ತಿನ್ನಿ ಎಂದಿದ್ದರು.

“ಬ್ಯಾಳಿ ತಿಂದ್ರ ಹೊಟ್ಟಿ ಡೊಳ್ಳಿನಂಗ ಉಬ್ಬತೈತಿ, ಯವ್ವಾ. ಆ ಡಾಕ್ಟರಗ ಹೇಳೀನಿ, ಅವಗೆಲ್ಲಿ ತಿಳೀತೈತಿ” ಎಂದರು ಅಜ್ಜಿ.

ಅಂಥ ಹೊಟ್ಟೆಯುಬ್ಬರಕ್ಕೆ ಕಾಳಿನಲ್ಲಿರುವ ಕೆಲವು ಸಕ್ಕರೆಗಳೇ ಮುಖ್ಯ ಕಾರಣ. ಅವನ್ನು ತೆಗೆಯುವುದೂ ನಮ್ಮ ಕೆಲಸದ ಭಾಗವಾಗಿತ್ತು. ಬಟಾಣಿ ಹಿಟ್ಟನ್ನು ನೀರಿನಲ್ಲಿ ಕದಡಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಪಿಷ್ಟವನ್ನು ತಳಕ್ಕಿಳಿಸುತ್ತಿದ್ದೆವು. ಮೇಲೆ ಉಳಿದ ನೀರನ್ನು ತೆಳುವಾದ ಪೊರೆಯೊಂದರ ಮೇಲೆ ಹರಿಸುತ್ತಿದ್ದೆವು. ಪೊರೆಯ ರಂಧ್ರಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಪ್ಪು, ಸಕ್ಕರೆಗಳು ನೀರಿನ ಜೊತೆ ಆಚೆ ಹೋಗುತ್ತವೆ, ಪ್ರೋಟೀನ್ ಈಚೆಯೇ ಉಳಿಯುತ್ತದೆ. ಹೊಸ ನೀರು ಸೇರಿಸಿ ಮತ್ತೆ ಮತ್ತೆ ಹರಿಸಿದರೆ ಪ್ರೋಟೀನ್ ತೊಳೆದಂತಾಗಿ ಶುದ್ಧವಾಗುತ್ತದೆ. ಅದನ್ನು ಒಣಗಿಸಿ ಪುಡಿ ಮಾಡಿದರೆ ಗಂಜಿಗೋ ರೊಟ್ಟಿ ಹಿಟ್ಟಿಗೋ ಬೆರೆಸಬಹುದು.

ಮೊದಲ ಪುಡಿಯನ್ನು ಪ್ರಯೋಗಾಲಯದಲ್ಲಿ ನಾವೆಲ್ಲ ತಿಂದು ನೋಡಿದೆವು. ಆಮೇಲೆ ಡಾಕ್ಟರನ್ನು ಕೇಳಿ ಅಜ್ಜಿಯ ಗಂಜಿಗೆ ಎರಡು ಚಮಚ ಹಾಕಿದೆ.

ಅಜ್ಜಿ ಒಂದು ಗುಟುಕು ಕುಡಿದು ಬಟ್ಟಲು ನೋಡಿದರು. “ಹಸೀ ವಟಾಣಿ ಸಿಪ್ಪಿ ವಾಸನಿ ಹೊಡೀತೈತಿ.”

ಆದರೂ ನನ್ನ ಮುಖ ನೋಡಿ ಪೂರ್ತಿ ಕುಡಿದರು. ಮಧ್ಯಾಹ್ನ ಹೊಟ್ಟೆ ಉಬ್ಬಿತು. ನನಗೆ ನಾಚಿಕೆಯಾಯಿತು. ಏಕೆಂದರೆ ಕಾರಣ ನನಗೆ ಗೊತ್ತಿತ್ತು. ಪೊರೆಯ ರಂಧ್ರಗಳು ಅರ್ಧದಲ್ಲೇ ಕಟ್ಟಿಕೊಂಡಿದ್ದರಿಂದ ತೊಳೆಯುವುದನ್ನು ಅಲ್ಲಿಗೇ ನಿಲ್ಲಿಸಿದ್ದೆ.

ಮುಂದಿನ ನಾಲ್ಕು ಸಲವೂ ಹಾಗೆಯೇ ಆಯಿತು. ಮೊದಲು ಧಾರೆಯಾಗಿ ಬರುತ್ತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ತೊಟ್ಟಿಕ್ಕುತ್ತಿತ್ತು. ನನ್ನ ಮೇಲಿನ ಪ್ರೊಫೆಸರು ಬನಾರಸಿನವರೇ. ಒಂದು ದಿನ ಬಂದು ಯಂತ್ರದ ಮುಂದೆ ನಿಂತರು.

“ಛೋಡೋ ಬೇಟಾ. ಆಸಿಡ್ ಹಾಕಿ ಹಾಲಿನ ಹಾಗೆ ಒಡೆಸಿ ತೆಗಿ. ಎಲ್ಲರೂ ಮಾಡೋದು ಅದನ್ನೇ” ಎಂದರು ತಮ್ಮ ಹಿಂದಿಯಲ್ಲಿ.

“ಎರಡು ವಾರ ಕೊಡಿ ಸರ್.”

“ದೋ ಹಫ್ತಾ. ಬಸ್.”

ಆ ಸಂಜೆ ಗೋದೌಲಿಯಾ ಚೌಕದಲ್ಲಿ ಆಟೋ ಇಳಿದು ಜನರ ನಡುವೆ ನುಗ್ಗಿಕೊಂಡು ಮನೆಗೆ ಬಂದವಳೇ ನನ್ನ ನೋಟ್‌ಬುಕ್ ತೆರೆದು ಐದು ದಿನಗಳ ಬರಹವನ್ನು ಮೊದಲಿನಿಂದ ಓದಿದೆ. ತಪ್ಪು ನನ್ನದೇ ಕೈಬರಹದಲ್ಲಿತ್ತು. ಆ ಸೆಕೆಗೆ ಬಟಾಣಿ ನೀರು ಸಂಜೆಯೊಳಗೆ ಹುಳಿಯಾಗುತ್ತದೆ ಎಂಬ ಹೆದರಿಕೆಯಿಂದ, ಹರಿವು ಕಡಿಮೆಯಾದಾಗಲೆಲ್ಲ ನಾನು ಒತ್ತಡ ಏರಿಸಿದ್ದೆ. ಏರಿಸಿದ ಕೂಡಲೇ ಹರಿವು ಒಂದಿಷ್ಟು ಹೆಚ್ಚಿ, ಆಮೇಲೆ ಮೊದಲಿಗಿಂತಲೂ ಕೆಳಗಿಳಿದಿತ್ತು. ಪ್ರೋಟೀನನ್ನು ನಾನೇ ಪೊರೆಗೆ ಒತ್ತಿ ಮೆತ್ತಿದ್ದೆ. ಹುಳಿಯಾಗುವುದನ್ನು ತಡೆದರೆ ಅವಸರ ಮಾಡಬೇಕಾಗಿಯೇ ಇಲ್ಲ.

ಮರುದಿನದಿಂದ ಬೆಳಗಿನ ಐದಕ್ಕೇ ಹೊರಟೆ. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಗಲ್ಲಿಯವರೆಗೂ ಇಳಿದಿರುತ್ತಿತ್ತು. ದಾರಿಯಲ್ಲಿ ಐಸ್ ಗಡ್ಡೆ ಕೊಂಡು, ಗೋಣಿಚೀಲದಲ್ಲಿ ಸುತ್ತಿ ಆಟೋದಲ್ಲಿಟ್ಟುಕೊಂಡು ಹೋಗಿ ಟ್ಯಾಂಕಿನ ಸುತ್ತ ತುಂಬಿದೆ. ಪಿಷ್ಟ ಇಳಿಸಲು ಒಂದರ ಬದಲು ಎರಡು ಸಲ ತಿರುಗಿಸಿದೆ. ಒತ್ತಡ ಇಳಿಸಿ, ಪೊರೆಯ ಮೇಲೆ ನೀರು ಜೋರಾಗಿ ಉಜ್ಜಿಕೊಂಡು ಹರಿಯುವಂತೆ ಮಾಡಿದೆ. ಹರಿವು ತಗ್ಗಿದಾಗ ಕೈ ತಾನಾಗಿ ಒತ್ತಡ ಏರಿಸುವ ತಿರುಪಿನ ಕಡೆ ಹೋಗುತ್ತಿತ್ತು. ಕೈ ಕಟ್ಟಿಕೊಂಡು ಕೂತೆ. ಮೊದಲ ಸಲ ಐಸ್ ಸಾಲದೆ ನೀರು ಹುಳಿಯಾಯಿತು, ಇಡೀ ಟ್ಯಾಂಕು ಚೆಲ್ಲಿದೆ. ಎರಡನೆಯ ಸಲ ಕರೆಂಟು ಹೋಯಿತು. ಮೂರನೆಯ ಸಲ ಧಾರೆ ಸಣ್ಣದಾದರೂ ಸಂಜೆಯವರೆಗೆ ನಿಲ್ಲಲಿಲ್ಲ. ಐದು ಸಲ ಹೊಸ ನೀರು ಹಾಕಿ ತೊಳೆದೆ.

ಆ ಪುಡಿಯನ್ನು ಗಂಜಿಗೆ ಹಾಕಿ ಕೊಟ್ಟಾಗ ಅಜ್ಜಿ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು.

“ವಾಸನಿ ಹೋಗೇತಿ. ರುಚೀನೂ ಹೋಗೇತಿ. ನೀರು ಕುಡಿದಂಗ ಆತು.”

“ಅದೇ ಬೇಕಾಗಿದ್ದು ಅಜ್ಜಿ. ಈಗ ನಿಮಗೆ ಬೇಕಾದ ರುಚಿ ಹಾಕ್ಕೊಳ್ಳಿ.”

ಅಜ್ಜಿ ಜೀರಿಗೆ ಪುಡಿ, ಉಪ್ಪು ಕಲಸಿ ಕುಡಿದರು. ಮಧ್ಯಾಹ್ನ ನಾನು ಫೋನ್ ಮಾಡಿ ಹೊಟ್ಟೆಯ ಸಮಾಚಾರ ಕೇಳಿದೆ. “ಸುಮ್ಮನ ಕುಂತೈತಿ. ನೀ ನಿನ್ನ ಕೆಲಸ ಮಾಡು” ಎಂದರು. ಅಲ್ಲಿಂದ ದಿನವೂ ಕುಡಿದರು. ಪುಡಿಯಿಂದಲೋ ಔಷಧಿಯಿಂದಲೋ ನಾನು ಹೇಳಲಾರೆ, ಮಳೆ ಶುರುವಾಗುವ ಮುಂಚೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಕೇದಾರ ಘಾಟಿಗೆ ಹೋಗಿ ಬಂದರು.

ಪ್ರೊಫೆಸರು ಪುಡಿಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿ, “ದೊಡ್ಡ ಟ್ಯಾಂಕಿನಲ್ಲಿ ಮಾಡಿ ತೋರಿಸು” ಎಂದಷ್ಟೇ ಹೇಳಿದರು. ದೊಡ್ಡ ಟ್ಯಾಂಕಿನಲ್ಲಿ ಮೊದಲ ದಿನವೇ ಪೊರೆ ಕಟ್ಟಿಕೊಂಡಿತು. ಅದನ್ನು ತೊಳೆದಿಟ್ಟು, ಮರುದಿನಕ್ಕೆ ಇನ್ನೆರಡು ಗಡ್ಡೆ ಐಸ್ ಹೇಳಿ ಬಂದೆ.